ಕಲೆ ತೆಗೆಯುವ ಕೈ

ನಮ್ಮ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಗಂಡನ ಕೆಲಸ, ಕಲೆ ತೆಗೆಯುವುದು ಹೆಂಡತಿಯದು. ಅವನನ್ನು ಎಲ್ಲರೂ ಇಸ್ತ್ರಿಯಣ್ಣ ಎನ್ನುತ್ತಿದ್ದರು. ಆಕೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಮೆಲ್ಲಗೆ ಕೆರೆದು, ಇದು ಶಾಯಿ, ಇದು ಎಣ್ಣೆ, ಇದು ತುಕ್ಕು ಎಂದು ಹೇಳಿಬಿಡುತ್ತಿದ್ದಳು. ಕಲೆಯಿರುವ ಬಟ್ಟೆ ಅವಳ ಕೈ ದಾಟಿ ಗಿರಾಕಿಯ ಕಣ್ಣಿಗೆ ಬಿದ್ದದ್ದಿಲ್ಲ.

ಆರು ವರ್ಷಗಳ ಹಿಂದೆ ಇಸ್ತ್ರಿಯಣ್ಣನ ಬೆನ್ನಿನ ನಡುಭಾಗದಲ್ಲಿ, ತೊಡೆಯ ಮೇಲೆ ನಸುಗೆಂಪು ಮಚ್ಚೆಗಳೆದ್ದವು. ವೈದ್ಯರು ಮುಲಾಮು ಬರೆದುಕೊಟ್ಟರು. ದಿನವೂ ಸಂಜೆ ಅಂಗಡಿ ಮುಚ್ಚಿದ ಮೇಲೆ ಆಕೆ ಅದನ್ನು ಹಚ್ಚುತ್ತಿದ್ದಳು.

"ಊರಿನವರ ಸುಕ್ಕೆಲ್ಲ ತೆಗೀತೀನಿ, ನನ್ನ ಮೈ ಕಲೆಯೇ ಹೋಗ್ತಿಲ್ಲ ನೋಡು" ಎನ್ನುತ್ತಿದ್ದ.

"ಸುಮ್ನೆ ಕೂತ್ಕೊಳ್ರೀ. ಕಾಲರ್ ಆಗಿದ್ರೆ ಇಷ್ಟೊತ್ತಿಗೆ ಬೆಳ್ಳಗಾಗಿರ್ತಿತ್ತು" ಎನ್ನುತ್ತಿದ್ದಳು.

ಮಚ್ಚೆಗಳು ಮಾಸಿ ಮತ್ತೆ ಏಳುತ್ತಿದ್ದವು. ಎರಡು ಸಲ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎರಡು ಸಲವೂ ಬರೀ ಕಜ್ಜಿ ಎಂದೇ ಬಂತು. ಕಳೆದ ವರ್ಷ ಹೊಸ ವೈದ್ಯೆಯೊಬ್ಬರ ಬಳಿಗೆ ಹೋಗುವಾಗ, ಕಾಗದಪತ್ರ ಓದಿ ಹೇಳಲೆಂದು ನನ್ನನ್ನೂ ಕರೆದೊಯ್ದರು.

ವೈದ್ಯೆ ಹಳೆಯ ವರದಿಗಳನ್ನು ನೋಡಿ ಕೇಳಿದರು: "ಚೂರು ತೆಗೆಯೋಕೆ ನಾಲ್ಕು ವಾರ ಮುಂಚೆ ಮುಲಾಮು ನಿಲ್ಲಿಸಿ ಅಂತ ಚೀಟೀಲಿ ಇದೆ. ಹಚ್ಚಿದ್ರೆ ರೋಗದ ಗುರುತು ಮರೆಯಾಗುತ್ತೆ. ನಿಲ್ಲಿಸಿದ್ರಾ?"

ಹೆಂಡತಿಯ ಮುಖ ಬಿಳಿಚಿಕೊಂಡಿತು. ಇಸ್ತ್ರಿಯಣ್ಣ ತಟ್ಟನೆ, "ಇಲ್ಲಮ್ಮ, ನಾನೇ ಹಚ್ಕೊಂಡೆ" ಎಂದ.

"ಬೆನ್ನಿಗೆ ನಿಮ್ಮ ಕೈ ಎಟುಕುತ್ತಾ?"

ಹೆಂಡತಿಯೇ ಹೇಳಿದಳು: "ನಾನಮ್ಮ. ಅಷ್ಟು ದೊಡ್ಡೋರ ಮುಂದೆ ಕಲೆ ಕಲೆ ಮೈ ಹೇಗೆ ತೋರಿಸೋದು ಅಂತ, ವಾರವೆಲ್ಲ ದಿನಕ್ಕೆ ಎರಡೆರಡು ಸಲ ಹಚ್ಚಿದೆ."

ಆಮೇಲೆ ನಾಲ್ಕು ವಾರ ಮುಲಾಮು ಮುಟ್ಟಲಿಲ್ಲ. ಮಚ್ಚೆಗಳು ಕೆಂಪಗೆ ಎದ್ದು ನಿಂತವು. ಈ ಸಲ ಬೆನ್ನಿನಿಂದ ಒಂದು, ತೊಡೆಯಿಂದ ಒಂದು ಚೂರು ತೆಗೆದು, ಸೂಕ್ಷ್ಮದರ್ಶಕದ ಜೊತೆಗೆ ಜೀನ್ ಪರೀಕ್ಷೆಗೂ ಕಳಿಸಿದರು. ಫಲಿತಾಂಶವನ್ನು ವೈದ್ಯೆ ನಿಧಾನವಾಗಿ ವಿವರಿಸಿದರು. ಚರ್ಮಕ್ಕೆ ಕಾವಲು ಬರುವ ಬಿಳಿ ರಕ್ತಕಣಗಳಲ್ಲಿ ಒಂದೊಂದಕ್ಕೂ ತನ್ನದೇ ಜೀನ್ ಗುರುತು ಇರುತ್ತದೆ. ಕಜ್ಜಿಯಾದರೆ ನೂರಾರು ಗುರುತುಗಳವು ಬೆರೆತಿರುತ್ತವೆ. ಇಲ್ಲಿ ಎರಡೂ ಚೂರುಗಳಲ್ಲಿ ಒಂದೇ ಗುರುತಿನವು ತುಂಬಿಕೊಂಡಿದ್ದವು, ಒಂದೇ ಕಣ ಮಿತಿಮೀರಿ ಬೆಳೆದ ಹಾಗೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದೂ ಅದಕ್ಕೆ ಹೊಂದುತ್ತಿತ್ತು. ಚರ್ಮದ ಲಿಂಫೋಮಾ, ಒಂದು ಬಗೆಯ ಕ್ಯಾನ್ಸರ್.

"ಇನ್ನೂ ಶುರುವಿನ ಹಂತ. ಮಚ್ಚೆಗೆ ಬೆಳಕು ಹಾಯಿಸೋ ಚಿಕಿತ್ಸೆ ಕೊಡೋಣ. ಎಷ್ಟೋ ಜನ ಇದನ್ನಿಟ್ಕೊಂಡೇ ಮುಪ್ಪಿನವರೆಗೂ ಬದುಕ್ತಾರೆ" ಎಂದರು.

"ನಾನು ಹಚ್ಚದೆ ಇದ್ದಿದ್ರೆ ಮೊದಲೇ ಗೊತ್ತಾಗ್ತಿತ್ತಾ?" ಎಂದು ಆಕೆ ಕೇಳಿದಳು.

"ಆಗ್ತಿತ್ತೇನೋ. ಆದ್ರೆ ಶುರುವಿನಲ್ಲಿ, ಮುಲಾಮು ಹಚ್ಚದೆ ಇದ್ರೂ, ಇದು ಸುಲಭಕ್ಕೆ ಸಿಕ್ಕೋದಲ್ಲಮ್ಮ."

ಆಕೆಯ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ.

ಬೆಳಕಿನ ಜೊತೆಗೆ, ಚಿಕಿತ್ಸೆಯೆಂದೇ, ಅದೇ ಮುಲಾಮನ್ನು ಮತ್ತೆ ಬರೆದುಕೊಟ್ಟರು. ನಾನೂ ಆಕೆಗೆ ಎಷ್ಟೋ ಹೇಳಿದೆ, ಈಗ ಹಚ್ಚಬೇಕಾದ್ದೇ ಇದು ಎಂದು. ತಲೆಯಾಡಿಸುತ್ತಿದ್ದಳು, ಮುಲಾಮು ಮುಟ್ಟುತ್ತಿರಲಿಲ್ಲ.

ಹೋದ ವಾರ ಅಂಗಿ ತರಲು ಹೋದಾಗ ಇಸ್ತ್ರಿಯಣ್ಣ ಒಳಗಿನ ಬೆಂಚಿನ ಮೇಲೆ, ಮರದ ಸೌಟಿನ ಹಿಡಿಗೆ ಮುಲಾಮು ಮೆತ್ತಿಕೊಂಡು ಬೆನ್ನಿನ ಕಡೆಗೆ ಚಾಚುತ್ತಿದ್ದ.

"ಬಾರೇ, ಎಟುಕ್ತಿಲ್ಲ."

"ನನ್ನ ಕೈಲಿ ಬೇಡ ರೀ."

"ನಿನ್ನ ಕೈ ಬಿಟ್ರೆ ನನಗ್ಯಾರೇ?"

ಆಕೆ ತೊಟ್ಟಿಯ ಮುಂದೆ ಕೂತು ಯಾರದೋ ಮೇಜುಬಟ್ಟೆಯನ್ನು ತಿಕ್ಕುತ್ತಲೇ ಇದ್ದಳು. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಎಟುಕದಿದ್ದ ಜಾಗವನ್ನು ಹಾಗೆಯೇ ಬಿಟ್ಟು ಅಂಗಿ ಹಾಕಿಕೊಂಡ.