ಪಾಕದವನ ನಾಲಿಗೆ

ಮಳವಳ್ಳಿ ರಸ್ತೆಯ ಆಲೆಮನೆ ನಮ್ಮದು, ಹೆಸರು ಮಾತ್ರ ಅಲ್ಲಿ ಪಾಕ ಕಾಯಿಸುವ ನನ್ನ ಓರಗೆಯವನದು. ಮದ್ದೂರಿನ ವ್ಯಾಪಾರಿಗಳೂ ಅವನು ಪಾಕ ನೋಡಿದ ಬೆಲ್ಲವೇ ಬೇಕೆನ್ನುತ್ತಿದ್ದರು. ಕೊಪ್ಪರಿಗೆ ಇಳಿಸಲು ನಾವು ಅವಸರ ಮಾಡಿದರೆ ಒಂದು ಬೆರಳೆತ್ತಿ, "ವಸಿ ತಡೀಲಾ" ಎನ್ನುತ್ತಿದ್ದ. ಹನಿ ಪಾಕವನ್ನು ತಣ್ಣೀರಿನಲ್ಲಿ ಉಂಡೆ ಕಟ್ಟಿ, ನಾಲಿಗೆಗಿಟ್ಟು ಕಣ್ಣು ಮುಚ್ಚುತ್ತಿದ್ದ. ಆ ಮುಚ್ಚಿದ ಕಣ್ಣು ಕಂಡರೇ ನನಗೆ ಹೊಟ್ಟೆ ಉರಿಯುತ್ತಿತ್ತು.

ಅವನಿಗೆ ತಿಳಿಯದ ರುಚಿಯೊಂದು ನನಗೆ ಗೊತ್ತಿರಬೇಕೆಂದು ಬೆಂಗಳೂರಿನಿಂದ ಬಾರ್ಲಿ ವೈನ್ ತಂದೆ. ಹೆಸರಿಗೆ ವೈನ್, ನಿಜಕ್ಕೂ ಅದು ಬಾರ್ಲಿ ಕಾಳಿನ ರಸವನ್ನು ಕಂದುವವರೆಗೆ ಕುದಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷವಿಟ್ಟ, ಸಿಹಿಯಾದ, ತಲೆಗೇರುವ ಬಿಯರ್. ಲೇಬಲ್ ಓದಿ ಬಾಯಿಪಾಠ ಮಾಡಿಕೊಂಡೆ. ಭಾನುವಾರ ಮಧ್ಯಾಹ್ನ ಗೆಳೆಯರೆದುರು ಅವನಿಗೂ ಲೋಟ ಕೊಟ್ಟು, "ಇದೇನು ಅಂತ ಯೋಳ್ಲಾ ನೋಡವ" ಎಂದೆ.

"ವಸಿ ತಡೀಲಾ" ಎಂದು ಕಣ್ಣು ಮುಚ್ಚಿದ. "ದ್ರಾಕ್ಸಿದಲ್ಲ, ಯಾವ್ದೋ ಕಾಳಿಂದು. ಪಾಕನ ಬೇಕಂತ್ಲೇ ವಸಿ ಸೀಯಿಸವ್ರೆ. ಆಮೇಕೆ ಮರದಲ್ಲಿ ಮಡಗವ್ರೆ ಕಣ್ಲಾ."

ಗೆಳೆಯರು ನನ್ನ ಮುಖ ನೋಡಿದರು. ಲೇಬಲ್ಲನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಒಂದೂ ಸರಿಯಿಲ್ಲ ಬುಡು. ದ್ರಾಕ್ಸಿದೇ ಕಣ್ಲಾ ಇದು" ಎಂದೆ. ಅವನು ಇನ್ನೊಂದು ಗುಟುಕು ನಾಲಿಗೆಗಿಟ್ಟು ನೋಡಿದ. ಲೋಟ ಕೆಳಗಿಟ್ಟ.

ಮರುದಿನ ಬೆಳಿಗ್ಗೆ ಪಾಕ ಕೊತಕೊತ ಕುದಿಯುತ್ತಿತ್ತು. ಅವನು ರುಚಿ ನೋಡಿ ಕಣ್ಣು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. ಕೊನೆಗೆ ಸೌಟನ್ನು ನನ್ನತ್ತ ಚಾಚಿದ.

"ನೀನೇ ನೋಡ್ಲಾ. ನನ್ ನಾಲ್ಗೆ ಕೆಟ್ಟೋಗೈತೆ."

ಎಷ್ಟೋ ವರ್ಷದಿಂದ ನಾನು ಬಯಸಿದ್ದ ಸೌಟು. ಅವನ ಹಾಗೆಯೇ ಉಂಡೆ ಕಟ್ಟಿ, ನಾಲಿಗೆಗಿಟ್ಟು ಕಣ್ಣು ಮುಚ್ಚಿದೆ. ಇಳಿಸಬೇಕೋ ಬೇಡವೋ ಎಂದು ಎಲ್ಲರೂ ಕಾಯುತ್ತಿದ್ದರು.

ನನಗೆ ತಿಳಿದದ್ದು ಬರೀ ಸಿಹಿ.