ಪತ್ರಾ ಮರೆಪ್ಪ ಡಿಗ್ರಿಗೆ ಹೊರಟದ್ದು

ತಿಕೋಟಾದಲ್ಲಿ ಮರೆಪ್ಪ ಎಂಬ ಹೆಸರಿನವರು ಮೂವರಿದ್ದಾರೆ. ಗೊಂದಲವಾಗಬಾರದೆಂದು ಊರಿನವರು ಒಬ್ಬನಿಗೆ ತೋಟದ ಮರೆಪ್ಪ, ಒಬ್ಬನಿಗೆ ಬ್ಯಾಂಡಿನ ಮರೆಪ್ಪ, ಇನ್ನೊಬ್ಬನಿಗೆ ಪತ್ರಾ ಮರೆಪ್ಪ ಎಂದು ಹೆಸರಿಟ್ಟಿದ್ದಾರೆ. ಇದು ಪತ್ರಾ ಮರೆಪ್ಪನ ಕಥೆ. ವಿಜಯಪುರದ ಬಸ್ ಡಿಪೊದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಅವನು ಮಾಡಿದ್ದು ಒಂದೇ ಕೆಲಸ. ಎಲ್ಲೋ ಗುದ್ದಿಸಿಕೊಂಡು ಬಂದ ಬಸ್ಸಿನ ಪತ್ರಾವನ್ನು, ಅಂದರೆ ಹೊರಮೈಯ ತಗಡನ್ನು, ಒಳಗಿನಿಂದ ಬಡಿದು, ಹೊರಗಿನಿಂದ ಅಂಗೈಯಲ್ಲಿ ಸವರಿ ನೋಡಿ, ಮತ್ತೆ ಬಡಿದು, ಇಲ್ಲಿ ನೆಗ್ಗಿತ್ತು ಎಂಬ ಗುರುತೂ ಸಿಗದ ಹಾಗೆ ಸಪಾಟು ಮಾಡುವುದು. ಬಣ್ಣ ಹಚ್ಚಿದ ಮೇಲೆ ಆ ಬಸ್ಸನ್ನು ಗುದ್ದಿಸಿದ ಡ್ರೈವರನಿಗೂ ಜಾಗ ಗುರುತು ಸಿಗುತ್ತಿರಲಿಲ್ಲ.

ನಿವೃತ್ತಿಯ ದಿನ ಡಿಪೊದವರು ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರು. ಮರುದಿನದಿಂದಲೇ ತೊಂದರೆ ಶುರುವಾಯಿತು. ಕೈ ಸುಮ್ಮನಿರಲಿಲ್ಲ. ಮನೆಯ ಹಿಟ್ಟಿನ ಡಬ್ಬಿ, ಪಕ್ಕದ ಮನೆಯ ಕೂಲರು, ಓಣಿಯಲ್ಲಿದ್ದ ಕೊಡ, ಬುಟ್ಟಿ, ಎಲ್ಲದರ ನೆಗ್ಗನ್ನೂ ತೆಗೆದ. ಅವನ ಹೆಂಡತಿ ರೇಣವ್ವ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ವಿಜಯಪುರದ ಹಾಸ್ಟೆಲುಗಳಿಗೆ ಕಳಿಸುವ ವ್ಯವಹಾರ ನಡೆಸುತ್ತಿದ್ದಳು. ಅವಳ ಜೊತೆ ಓಣಿಯ ನಾಲ್ಕಾರು ಹೆಂಗಸರು ಬೆಳಿಗ್ಗೆಯಿಂದ ರೊಟ್ಟಿ ಬಡಿಯುತ್ತಿದ್ದರು. ಒಳಗೆ ರೊಟ್ಟಿಯ ಸಪ್ಪಳ, ಹೊರಗೆ ಪತ್ರಾದ ಸಪ್ಪಳ. ಒಂದು ವಾರ ತಡೆದು, ಹಗಲು ಹೊತ್ತು ಎಲ್ಲಿಗಾದರೂ ಹೋಗಿ ಬನ್ನಿ, ಎಲ್ಲಿಗೆಂದು ನಾನು ಕೇಳುವುದೂ ಇಲ್ಲ ಎಂದು ರೇಣವ್ವ ಕೈಮುಗಿದಳು.

ಅದೇ ಹೊತ್ತಿಗೆ ಪಕ್ಕದ ಮನೆಯ ವಿಶಾಖಾ ಪಿಯುಸಿ ಪಾಸಾಗಿದ್ದಳು. ಅವಳಿಗೆ ವಿಜಯಪುರದ ಒಂದು ಕಲಾ ಕಾಲೇಜು ಸೇರಿ ದೃಶ್ಯಕಲೆಯ ಡಿಗ್ರಿ ಮಾಡುವ ಆಸೆ. ಅವಳ ಅಪ್ಪ ಒಣದ್ರಾಕ್ಷಿಯ ಶೆಡ್ಡೊಂದರ ಮೇಲ್ವಿಚಾರಕ. ಹಂಗಾಮು ಇನ್ನೂ ಮುಗಿದಿರಲಿಲ್ಲವಾದ್ದರಿಂದ ಅವನಿಗೆ ಬಿಡುವಿಲ್ಲ. ಹುಡುಗಿಯ ಜೊತೆ ಕಾಲೇಜು ನೋಡಿ ಬರಲು ಯಾರಾದರೂ ದೊಡ್ಡವರು ಬೇಕಿತ್ತು. ರೇಣವ್ವ ಗಂಡನನ್ನು ಆ ಕ್ಷಣವೇ ಒಪ್ಪಿಸಿಬಿಟ್ಟಳು.

ಕಾಲೇಜಿನಲ್ಲಿ ವಿಶಾಖಾ ಕಚೇರಿಯ ಸರದಿಯಲ್ಲಿ ನಿಂತಳು. ಮರೆಪ್ಪ ನೆರಳು ಹುಡುಕಿಕೊಂಡು ಹಿಂದಿನ ಅಂಗಳಕ್ಕೆ ಹೋದ. ಅದು ಶಿಲ್ಪಕಲಾ ವಿಭಾಗದ ಅಂಗಳ. ಬೇವಿನ ಮರದ ಕೆಳಗೆ ಅರ್ಧ ಕೆತ್ತಿದ ಕಲ್ಲುಗಳು, ಪ್ಲಾಸ್ಟರಿನ ಕೈಕಾಲುಗಳು, ಒದ್ದೆ ಗೋಣಿಚೀಲ ಹೊದ್ದ ಮಣ್ಣಿನ ಮುದ್ದೆಗಳು. ಒಬ್ಬ ಹುಡುಗಿ ಕುಳಿತ ಮುದುಕನೊಬ್ಬನ ಆಕೃತಿ ಮಾಡುತ್ತಿದ್ದಳು. ಒಳಗೆ ಕಂಬಿಯ ಚೌಕಟ್ಟು ನಿಲ್ಲಿಸಿ ಅದರ ಮೇಲೆ ಮಣ್ಣು ಹತ್ತಿಸುತ್ತಿದ್ದಳು. ಮುದುಕನಿಗೆ ಎದೆ, ಭುಜ ಬಂದಿದ್ದವು, ತಲೆಯ ಜಾಗದಲ್ಲಿ ಬರೀ ಕಂಬಿ ಇತ್ತು. ಮರೆಪ್ಪ ನಿಂತೇ ಇದ್ದ. ಅವನು ನೋಡನೋಡುತ್ತಿದ್ದಂತೆ ಕಂಬಿಯ ಸುತ್ತ ಒಂದು ಗದ್ದ ಬಂತು, ಕಿವಿ ಬಂತು, ಬೆಳಿಗ್ಗೆ ಇಲ್ಲದ ಒಬ್ಬ ಮನುಷ್ಯ ಅಲ್ಲಿ ಕುಳಿತಿದ್ದ.

ಅತ್ತ ಬಂದ ವಿಭಾಗದ ಮುಖ್ಯಸ್ಥೆ ಸುರೈಯಾ ಮೇಡಂ, ಮಗಳ ಸಲುವಾಗಿ ಬಂದಿರೇನು ಎಂದು ವಿಚಾರಿಸಿದರು. ಮರೆಪ್ಪ ಪಕ್ಕದ ಮನೆಯ ಹುಡುಗಿಯ ವಿಷಯ ಹೇಳಿದ. ಆಮೇಲೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಈ ಡಿಗ್ರಿಗೆ ವಯಸ್ಸಿನ ಕಟ್ಟು ಏನಾರ ಐತೇನ್ರಿ?"

"ಇಲ್ರಿ. ಪಿಯುಸಿ ಪಾಸಾಗಿರಬೇಕು, ಪ್ರವೇಶ ಪರೀಕ್ಷಾ ಕೊಡಬೇಕು. ಯಾರ ಸಲುವಾಗಿ ಕೇಳಾಕತ್ತೀರಿ?"

"ನನ್ನ ಸಲುವಾಗಿ ಕೇಳಾಕತ್ತೇನ್ರಿ. ಪಿಯುಸಿ ಆಗೇತ್ರಿ ನಂದು."

ಮೇಡಂ ನಗಲಿಲ್ಲ. ಒಂದು ಸ್ಟೂಲು ಎಳೆದು ಕೂರಿಸಿ, ಯಾಕೆ ಎಂದು ಕೇಳಿದರು. ಇಷ್ಟು ವರ್ಷ ತಾನು ಕೆಟ್ಟದ್ದನ್ನು ಮೊದಲಿನ ಹಾಗೆ ಮಾಡಿಕೊಟ್ಟೆ, ಮೊದಲು ಇಲ್ಲದ ಒಂದನ್ನು ಮಾಡಿಯೇ ಇಲ್ಲ, ಅದೊಂದು ಆಗಬೇಕು ಎಂಬರ್ಥದಲ್ಲಿ ಮರೆಪ್ಪ ತಡವರಿಸಿ ಹೇಳಿದ. ಮೇಡಂ ತಲೆಯಾಡಿಸಿ ಪಠ್ಯಕ್ರಮದ ಒಂದು ಪ್ರತಿ ಕೊಟ್ಟರು.

ತಿರುಗಿ ಹೋಗುವಾಗ ಬಸ್ಸಿನಲ್ಲಿ ವಿಶಾಖಾ ಅದನ್ನು ಓದಿ ಹೇಳಿದಳು. ಮೊದಲು ಅವಳಿಗೆ ನಗು ತಡೆಯಲಾಗಲಿಲ್ಲ. ಮರೆಪ್ಪ ಕಾಕಾ ನಿಜವಾಗಿಯೇ ಹೇಳುತ್ತಿದ್ದಾನೆಂದು ತಿಳಿದ ಮೇಲೆ ಅವಳಿಗೇ ಅವನಿಗಿಂತ ಹೆಚ್ಚು ಹುಮ್ಮಸ್ಸು ಬಂತು. ಒಟ್ಟು ನಾಲ್ಕು ವರ್ಷ. ಮೊದಲೆರಡು ವರ್ಷ ಎಲ್ಲರಿಗೂ ಒಂದೇ ಪಾಠ: ರೇಖಾಚಿತ್ರ, ಬಣ್ಣ, ವಿನ್ಯಾಸ, ಮಣ್ಣಿನ ಕೆಲಸ, ಕಲೆಯ ಇತಿಹಾಸ. ಜೊತೆಗೆ ಕನ್ನಡ, ಇಂಗ್ಲಿಷ್. ಮೂರನೆಯ ವರ್ಷದಿಂದ ಶಿಲ್ಪವೋ ಚಿತ್ರವೋ ಆರಿಸಿಕೊಳ್ಳಬೇಕು. ಮರೆಪ್ಪನಿಗೆ ಇದು ಸರಿಬರಲಿಲ್ಲ. ತನಗೆ ಬೇಕಾದದ್ದು ಶಿಲ್ಪ, ಬಣ್ಣ ತಗೊಂಡು ಏನು ಮಾಡಲಿ, ನೇರ ಮೂರನೆಯ ವರ್ಷಕ್ಕೆ ಹೋಗಲು ಬರುವುದಿಲ್ಲವೇ ಎಂದು ಅವನ ವಾದ. ಮುಂದಿನ ವಾರ ಒಬ್ಬನೇ ಹೋಗಿ ಮೇಡಂ ಮುಂದೆಯೂ ಅದನ್ನೇ ಹೇಳಿದ. ಮೇಡಂ ಅವನಿಗೊಂದು ಪೆನ್ಸಿಲ್ ಕೊಟ್ಟು ಎದುರಿಗಿದ್ದ ನೀರಿನ ತಂಬಿಗೆಯನ್ನು ಬರೆಯಲು ಹೇಳಿದರು. ಅವನು ಬರೆದದ್ದು ತಂಬಿಗೆಯಂತೆಯೂ ಇರಲಿಲ್ಲ, ನೀರೂ ಅದರಲ್ಲಿ ನಿಲ್ಲುವಂತಿರಲಿಲ್ಲ. ಮರೆಪ್ಪನಿಗೆ ಮೊದಲೆರಡು ವರ್ಷ ಯಾಕೆಂದು ತಿಳಿಯಿತು. ಪ್ರವೇಶ ಪರೀಕ್ಷೆಯಲ್ಲೂ ಚಿತ್ರವನ್ನೇ ಬರೆಯಬೇಕಿತ್ತು. ಹಾಗಾಗಿ ಈ ವರ್ಷ ಬೇಡ, ಒಂದು ವರ್ಷ ತಯಾರಿ ಮಾಡಿ ಮುಂದಿನ ವರ್ಷ ಬರುತ್ತೇನೆಂದು ಅವನೇ ಹೇಳಿ ಬಂದ.

ಮನೆಯಲ್ಲಿ ವಿಷಯ ಹೊರಬಿದ್ದಾಗ ರೊಟ್ಟಿ ಬಡಿಯುವ ಕೈಗಳೆಲ್ಲ ನಿಂತವು. ಈ ವಯಸ್ಸಿನಲ್ಲಿ ಸಾಲಿ ಎಂದರೆ ಮಂದಿ ಏನಂದಾರು ಎಂದು ರೇಣವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅವಳಿಗೆ ಒಂದು ಸಂಗತಿ ಹೊಳೆಯಿತು. ಪೆನ್ಸಿಲಿಗೆ ಸಪ್ಪಳವಿಲ್ಲ. ಅಂದಿನಿಂದ ಅವಳ ವಿರೋಧ ಸಡಿಲಾಯಿತು. ವಿಜಯಪುರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಮಗ ಕುನಾಲ ಮಾತ್ರ ಫೋನಿನಲ್ಲಿ, ಡಿಗ್ರಿ ಮುಗಿದ ಮೇಲೆ ಮುಂದೇನು ಎಂದು ಗಂಭೀರವಾಗಿ ಕೇಳಿದ. ಆಮೇಲೆ ಸ್ನಾತಕೋತ್ತರವೂ ಇದೆಯಂತೆ, ನೋಡೋಣ ಎಂದು ಅಪ್ಪ ಅಷ್ಟೇ ಗಂಭೀರವಾಗಿ ಹೇಳಿದ. ಕುನಾಲ ಮುಂದಿನ ಭಾನುವಾರ ಬರುವಾಗ ಒಂದು ಡಜನ್ ಪೆನ್ಸಿಲ್, ಕಾಗದದ ಒಂದು ಸುರುಳಿ ತಂದ.

ವಿಶಾಖಾ ಆ ವರ್ಷವೇ ಕಾಲೇಜು ಸೇರಿದಳು. ತರಗತಿಯಲ್ಲಿ ಕಲಿತದ್ದನ್ನು ಸಂಜೆ ಕಟ್ಟೆಯ ಮೇಲೆ ಕಾಕಾನಿಗೆ ಕಲಿಸಿದಳು. ಕಲಿಸುವಾಗ ಅವಳು ಬಹಳ ಕಟ್ಟುನಿಟ್ಟು. ರಜೆಯಲ್ಲಿ ಇಬ್ಬರೂ ಗೋಳಗುಮ್ಮಟದ ಮುಂದೆ ಹುಲ್ಲಿನ ಮೇಲೆ ಕೂತು ಬರೆಯುತ್ತಿದ್ದರು. ಮರೆಪ್ಪನ ಗುಮ್ಮಟ ಮೊದಲ ಸಲ ಒಂದು ಕಡೆಗೆ ವಾಲಿತು. ಪ್ರವಾಸಕ್ಕೆ ಬಂದ ಸಾಲಿಯ ಮಕ್ಕಳು ಸುತ್ತ ನಿಂತು, ಅಜ್ಜಾ ಅದು ಬೀಳುತ್ತದೆ ಎಂದು ಎಚ್ಚರಿಸಿದರು. ಬೇಸಿಗೆ ಬರುವ ಹೊತ್ತಿಗೆ ಗುಮ್ಮಟ ನೆಟ್ಟಗಾಗಿತ್ತು.

ಪ್ರವೇಶಕ್ಕೆ ಪರೀಕ್ಷೆಯ ಜೊತೆಗೆ ಸಂದರ್ಶನವೂ ಇತ್ತು. ತಾನು ಮಾಡಿದ ಕೆಲಸಗಳನ್ನು ಅಲ್ಲಿ ತೋರಿಸಬೇಕು. ಚಿತ್ರಗಳಷ್ಟೇ ಸಾಲದು, ಒಂದಾದರೂ ಶಿಲ್ಪ ಇರಲಿ ಎಂದು ಮರೆಪ್ಪ ರೇಣವ್ವನ ತಲೆಯನ್ನೇ ಮಾಡಲು ನಿರ್ಧರಿಸಿದ. ಜೈನಾಪುರದಲ್ಲಿ ಅವಳ ತಮ್ಮನ ಹೊಲವಿತ್ತು. ಅಲ್ಲಿಂದ ಎರೆಮಣ್ಣು ಚೀಲ ತುಂಬಿಸಿ ತಂದ. ಕಲಸುವಾಗ ಬೆಣ್ಣೆಯಂತಿದ್ದ ಮಣ್ಣು ಒಣಗುತ್ತಲೇ ಬಿರುಕು ಬಿಟ್ಟಿತು. ಮೂಗು ಬೇರೆ, ಗದ್ದ ಬೇರೆಯಾಯಿತು. ಮೂಗಿನ ತುಂಡನ್ನು ಕೈಯಲ್ಲಿ ಹಿಡಿದು, ನನ್ನ ಮೇಲೆ ಇಷ್ಟು ದಿನದ ಸಿಟ್ಟು ತೀರಿಸಿಕೊಂಡಿರೇನು ಎಂದು ರೇಣವ್ವ ಕೇಳಿದಳು. ಬಬಲೇಶ್ವರದ ಒಬ್ಬ ಕುಂಬಾರನ ಬಳಿ ಹೋಗಿ ಬೇರೆ ಮಣ್ಣು ತಂದ ಮೇಲೆ ತಲೆ ನಿಂತಿತು.

ಎರಡು ವಾರ ಅವನು ಅದರ ಮೇಲೆಯೇ ಇದ್ದ. ಮುಗಿದಾಗ ಓಣಿಯೇ ನೋಡಲು ಬಂತು. ಕೆನ್ನೆ, ಹಣೆ, ಗದ್ದ ಎಲ್ಲವೂ ಹೊಸ ಬಸ್ಸಿನ ಹಾಗೆ ನುಣ್ಣಗಿದ್ದವು. ಒಂದು ಗೆರೆಯಿಲ್ಲ, ಒಂದು ಗುಳಿಯಿಲ್ಲ. ರೇಣವ್ವ ಮದುವೆಯ ದಿನವೂ ಇಷ್ಟು ಚೆಂದ ಇರಲಿಲ್ಲ ಎಂದು ರೊಟ್ಟಿಯ ಹೆಂಗಸರು ಚೇಷ್ಟೆ ಮಾಡಿದರು. ರೇಣವ್ವನಿಗೆ ಮನಸಾರೆ ಖುಷಿಯಾಯಿತು. ಅವತ್ತು ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚೇ ಬಿತ್ತು.

ಸಂದರ್ಶನಕ್ಕೆ ಮೊದಲು ಮೇಡಂಗೆ ಒಮ್ಮೆ ತೋರಿಸೋಣವೆಂದು ಮರೆಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಿಜಯಪುರಕ್ಕೆ ಒಯ್ದ. ಸುರೈಯಾ ಮೇಡಂ ಅದರ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು.

"ನಿಮ್ಮ ಮನಿಯವರ ವಯಸ್ಸೆಷ್ಟ್ರಿ?"

"ಐವತ್ತೈದರ ಮ್ಯಾಲೆ ಆಗಿರಬೇಕ್ರಿ."

"ಮತ್ತ ಆ ಐವತ್ತೈದು ವರ್ಷ ಎಲ್ಲಿ ಹೋದುವು? ನೀವು ಎಲ್ಲಾ ನೆಗ್ಗೂ ತಗದುಬಿಟ್ಟೀರಿ, ಮರೆಪ್ಪನವರ. ಇಲ್ಲಿ ನೆಗ್ಗು ಉಳಿಸೂದನ್ನ ಕಲೀಬೇಕ್ರಿ."

ಅವನಿಗೆ ಮೊದಲು ನಿರಾಶೆಯಾಯಿತು. ಬಸ್ ಹತ್ತಿದಾಗಲೂ ಅದು ಹೋಗಿರಲಿಲ್ಲ. ಆದರೆ ಕೈ ಗೊತ್ತಿಲ್ಲದೆಯೇ ತೊಡೆಯ ಮೇಲಿದ್ದ ತಲೆಯನ್ನು ಸವರುತ್ತಿತ್ತು, ಎಲ್ಲಾದರೂ ಉಬ್ಬುತಗ್ಗು ಉಳಿದಿದೆಯೇ ಎಂದು ಹುಡುಕುತ್ತಿತ್ತು. ಅದನ್ನು ಕಂಡು ಅವನಿಗೇ ನಗು ಬಂತು. ಮೇಡಂ ಹೇಳಿದ್ದು ನಿಜ. ಅಂಗೈಗೆ ಗೊತ್ತಿದ್ದದ್ದು ಅದೊಂದೇ.

ಮತ್ತೆ ಮಣ್ಣು ಕಲಸಿದ. ಈ ಸಲ ರೊಟ್ಟಿಯ ಕೋಣೆಯಲ್ಲಿ ಒಂದು ಮೂಲೆ ಹಿಡಿದು ಕೂತ. ಒಲೆಯ ಝಳಕ್ಕೆ ರೇಣವ್ವ ಕಣ್ಣು ಕಿರಿದು ಮಾಡಿದಾಗ ಕಣ್ಣಂಚಿನಿಂದ ಗೆರೆಗಳು ಹೇಗೆ ಹರಡುತ್ತವೆ, ಹೆಂಗಸರ ಮಾತಿಗೆ ನಗುವಾಗ ಬಿದ್ದುಹೋದ ಹಲ್ಲಿನ ಕಡೆ ಕೆನ್ನೆ ಹೇಗೆ ಒಳಕ್ಕೆ ಹೋಗುತ್ತದೆ ಎಂದು ನೋಡಿದ. ಇಷ್ಟು ವರ್ಷ ಜೊತೆಗಿದ್ದೂ ಅವಳ ಎಡಗಡೆಯ ಹುಬ್ಬು ಬಲಗಡೆಯದಕ್ಕಿಂತ ಒಂದು ಎಳೆ ಮೇಲಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಮಣ್ಣಿನಲ್ಲಿ ಬೆರಳು ಒತ್ತಿದ ಕಡೆ ಹಾಗೇ ಬಿಟ್ಟ. ಸವರಬೇಕೆನಿಸಿದಾಗಲೆಲ್ಲ ಎದ್ದು ಹೋಗಿ ನೀರು ಕುಡಿದು ಬಂದ.

ರೇಣವ್ವನಿಗೆ ಮೇಡಂ ಹೇಳಿದ್ದು ತಿಳಿದು ಸಿಟ್ಟು ಬಂದಿತ್ತು. ಚೆಂದದ್ದು ಒಂದಿರುವಾಗ ಮುದುಕಿಯನ್ನು ಮಾಡುವುದು ಯಾಕೆ, ಆ ಮೇಡಂಗೆ ನಾನೇನು ಮಾಡಿದ್ದೆ ಎಂದು ಗೊಣಗುತ್ತಿದ್ದಳು. ಮುಗಿಯುವ ತನಕ ತಿರುಗಿ ನೋಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಮುಗಿದ ದಿನ ಮಧ್ಯಾಹ್ನ, ಹೆಂಗಸರು ಹೋದ ಮೇಲೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಮುಂದೆ ನಿಂತಳು. ಬೈಗುಳಕ್ಕೆ ಮರೆಪ್ಪ ಸಿದ್ಧನಾಗಿ ಕೂತಿದ್ದ.

"ಇದು ನಾ ಅಲ್ರಿ," ಅಂದಳು ರೇಣವ್ವ. "ನಮ್ಮವ್ವ ಇಕಿ."

ಅವಳ ಅವ್ವ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ರೇಣವ್ವ ಕೂತು ಆ ಮಣ್ಣಿನ ಹಣೆಯ ಮೇಲೆ ಬೆರಳಾಡಿಸಿದಳು, ಹಸಿ ಇನ್ನೂ ಆರಿಲ್ಲ ಎಂದು ಗಂಡ ಹೇಳಿದ ಮೇಲೆ ಕೈ ತೆಗೆದಳು. ಆಮೇಲೆ ಅವಳೇ ತೀರ್ಪು ಕೊಟ್ಟಳು: ನುಣುಪಿನದು ಪಡಸಾಲೆಯ ಗೋಡೆಯ ಮಾಡದಲ್ಲಿ ಇರಲಿ, ಬಂದವರು ನೋಡಲಿ. ಇದು ಪರೀಕ್ಷೆಗೆ ಹೋಗಲಿ, ಆದರೆ ತಿರುಗಿ ಮನೆಗೆ ಬರಬೇಕು.

ಪ್ರವೇಶ ಪರೀಕ್ಷೆಗೆ ಕೂತವರೆಲ್ಲ ಹದಿನೆಂಟರ ಆಸುಪಾಸಿನವರು. ಮರೆಪ್ಪ ಒಳಗೆ ಬಂದಾಗ ಮೇಲ್ವಿಚಾರಕರೆಂದು ತಿಳಿದು ಎಲ್ಲರೂ ಎದ್ದು ನಿಂತರು. ಅವನು ನಾಚಿಕೊಂಡು ಹೋಗಿ ತನ್ನ ಜಾಗದಲ್ಲಿ ಕೂತ. ವಸ್ತುಚಿತ್ರಕ್ಕೆ ಇಟ್ಟದ್ದು ಒಂದು ಬುಟ್ಟಿ, ಎರಡು ಬದನೆಕಾಯಿ. ಅದು ತಕ್ಕಮಟ್ಟಿಗೆ ಬಂತು. ನೆನಪಿನಿಂದ ಬರೆಯುವ ಚಿತ್ರಕ್ಕೆ ಬಸ್ ನಿಲ್ದಾಣ ಎಂಬ ವಿಷಯ ಬಂದಾಗ ಅವನು ಬರೆಯುತ್ತ ಬರೆಯುತ್ತ ಬಣ್ಣಕ್ಕೆ ಸಮಯ ಉಳಿಸಿಕೊಳ್ಳುವುದನ್ನೇ ಮರೆತ. ಬಸ್ಸುಗಳೆಲ್ಲ ಕಪ್ಪುಬಿಳುಪಾಗಿಯೇ ಉಳಿದವು. ಸಂದರ್ಶನದಲ್ಲಿ ಮಣ್ಣಿನ ತಲೆಯನ್ನು ಮೇಜಿನ ಮೇಲಿಟ್ಟಾಗ, ಹೊರಗಿನಿಂದ ಬಂದಿದ್ದ ಒಬ್ಬ ಹಿರಿಯ ಪ್ರಾಧ್ಯಾಪಕರು ನಾಲ್ಕು ವರ್ಷ ಪೂರ್ತಿ ಮಾಡುವಿರಾ ಎಂದು ಕೇಳಿದರು. ಒಂದೇ ಡಿಪೊದಲ್ಲಿ ಮೂವತ್ತು ವರ್ಷ ಕೂತವನಿಗೆ ನಾಲ್ಕು ವರ್ಷ ಯಾವ ಲೆಕ್ಕ ಎಂದು ಮರೆಪ್ಪ ನಕ್ಕ. ಆಯ್ಕೆಯಾದವರ ಸಾಲಿನಲ್ಲಿ ಅವನ ಹೆಸರು ಕೊನೆಗೆ ಹತ್ತಿರವಿತ್ತು, ಆದರೆ ಇತ್ತು. ವಿಶಾಖಾ ಕಾಲೇಜಿನಿಂದಲೇ ಫೋನು ಮಾಡಿ, ಇನ್ನು ಮುಂದೆ ನಾನು ನಿಮಗೆ ಸೀನಿಯರ್, ನೆನಪಿಡಿ ಎಂದಳು.

ಈಗ ಅವನು ಎರಡನೆಯ ವರ್ಷದಲ್ಲಿದ್ದಾನೆ. ಬಣ್ಣದ ವಿಷಯದಲ್ಲಿ ಅಂಚಿಗೆ ನಿಂತು ಪಾಸಾದ. ಕಲೆಯ ಇತಿಹಾಸದಲ್ಲಿ ಇಸವಿಗಳು ತಲೆಯಲ್ಲಿ ನಿಲ್ಲದೆ ಸಹಪಾಠಿಗಳ ಎದುರು ದಿನವೂ ಒಪ್ಪಿಸುತ್ತಾನೆ. ಅವರು ಅವನನ್ನು ಮೊದಲು ಸರ್ ಎನ್ನುತ್ತಿದ್ದರು, ಆಮೇಲೆ ಅಂಕಲ್, ಈಗ ಎಲ್ಲರಿಗೂ ಅವನು ಕಾಕಾ. ರೇಣವ್ವ ಕಟ್ಟಿ ಕಳಿಸುವ ರೊಟ್ಟಿ ಅವನ ಬಾಯಿಗೆ ಒಂದು ಬಂದರೆ ಹೆಚ್ಚು.

ಮುಂದಿನ ವರ್ಷ ಶಿಲ್ಪ ವಿಭಾಗ. ರಜೆಯಲ್ಲಿ ಕೆತ್ತನೆ ರೂಢಿಯಾಗಲಿ ಎಂದು ಕುನಾಲ ಒಂದು ದೊಡ್ಡ ಕಲ್ಲನ್ನು ಟೆಂಪೋದಲ್ಲಿ ತಂದು ಹಿತ್ತಲಿನಲ್ಲಿ ಇಳಿಸಿ ಹೋಗಿದ್ದಾನೆ. ಕಲ್ಲು ಬಂದ ದಿನದಿಂದ ರೊಟ್ಟಿಯ ಹೆಂಗಸರು ಸಂಜೆ ಕೆಲಸ ಮುಗಿಸಿ ಅದರ ಮೇಲೆಯೇ ಕೂತು ಚಹಾ ಕುಡಿಯುತ್ತಾರೆ. ಮರೆಪ್ಪ ಉಳಿ, ಸುತ್ತಿಗೆ ಹಿಡಿದು ಬಾಗಿಲಲ್ಲಿ ನಿಂತು, ಅವರ ಮಾತು ಮುಗಿದು ಅವರು ಏಳುವುದನ್ನು ಕಾಯುತ್ತಾನೆ.