ನಾನು ಹಿಡಿಯದ ರೋಜಾ

ನನ್ನ ಹೆಂಡತಿ ಶಮೀಮಳ ಈಗಿನ ಸ್ಥಿತಿಗೆ ಕಾರಣ ನಾನು. ರಂಜಾನಿನ ಉಪವಾಸವಲ್ಲ, ಅವಳ ಸಕ್ಕರೆ ಕಾಯಿಲೆಯೂ ಅಲ್ಲ — ನಾನು. ಉಪವಾಸ ಇದ್ದೇನೆಂದು ವರ್ಷಗಟ್ಟಲೆ ಅವಳನ್ನು ನಂಬಿಸಿ, ಮಧ್ಯಾಹ್ನ ಹೋಟೆಲಿನಲ್ಲಿ ಹೊಟ್ಟೆ ತುಂಬ ಉಂಡು ಮನೆಗೆ ಬರುತ್ತಿದ್ದೆ.

ನಾವು ಬಾಗಲಕೋಟೆ ಕಡೆಯವರು, ದುಡಿಮೆಗೆಂದು ರಾಜ್ಯ ಬಿಟ್ಟು ಬಂದವರು. ಮನೆ ಕೋಪರಖೈರಣೆಯಲ್ಲಿ, ನನ್ನ ಕೆಲಸ ಮಹಾಪೆಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ. ಮೊದಲು ನಾನೂ ನಿಯತ್ತಿನಿಂದ ರೋಜಾ ಹಿಡಿದು ಉಪವಾಸ ಇದ್ದವನೇ. ಆಗ ರಂಜಾನ್ ಚಳಿಗಾಲದಲ್ಲಿ ಬರುತ್ತಿತ್ತು, ಹಗಲು ಬೇಗ ಮುಗಿಯುತ್ತಿತ್ತು. ವರ್ಷ ಕಳೆದಂತೆ ಅದು ಹಿಂದಹಿಂದಕ್ಕೆ ಸರಿದು ಮಳೆಗಾಲಕ್ಕೆ ಬಂತು. ಹಗಲೂ ಉದ್ದವಾಯಿತು. ಒಂದು ದಿನ ತಲೆನೋವು ತಡೆಯದೆ ಚಹಾ ಕುಡಿದೆ. ಮರುದಿನ ಚಹಾದ ಜೊತೆ ಇಡ್ಲಿ. ಆಮೇಲೆ — ಊಟವೇ. ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಹಸಿವು ತಾಳಲಾರೆ ಎಂದು ಹೇಳಲು ನಾಚಿಕೆ, ಅಷ್ಟೆ.

ಕಾರ್ಖಾನೆಯ ಹತ್ತಿರ ಕುಂದಾಪುರದ ಶೆಟ್ಟರ ಹೋಟೆಲಿತ್ತು. ಮೊದಲ ಸಲ ಬಾಗಿಲಲ್ಲಿ ತಡವರಿಸುತ್ತ ನಿಂತಾಗ ಅವರೇ ಕರೆದು, "ಒಳಗಿನ ರೂಮಲ್ಲಿ ಕೂತ್ಕೊಳ್ಳಿ ಭಾಯ್, ಅಲ್ಲಿ ಯಾರಿಗೂ ಕಾಣುದಿಲ್ಲ" ಎಂದರು. ಅವರು ಯಾರಿಗೂ ಹೇಳಲಿಲ್ಲ. ಸಂಜೆ ಮನೆಯಲ್ಲಿ ರೋಜಾ ಬಿಡುವಾಗ ಎಲ್ಲರಿಗಿಂತ ಮೊದಲು ಖರ್ಜೂರ ಎತ್ತಿಕೊಳ್ಳುತ್ತಿದ್ದವನು ನಾನು.

ಶಮೀಮಳಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದಾಗ ಡಾಕ್ಟರು ಸ್ಪಷ್ಟವಾಗಿ ಎಚ್ಚರಿಸಿದರು — ಈ ಗುಳಿಗೆ ನುಂಗಿ ದಿನವಿಡೀ ಹಸಿದಿದ್ದರೆ ಸಕ್ಕರೆ ತೀರಾ ಇಳಿದುಬಿಡುತ್ತದೆ, ಉಪವಾಸ ಬೇಡ. ಮಸೀದಿಯ ಮೌಲಾನಾ ಕೂಡ, ಕಾಯಿಲೆಯವರಿಗೆ ಮಾಫಿ ಇದೆ, ಬದಲಿಗೆ ಬಡವರಿಗೆ ಊಟ ಹಾಕಿಸಿ ಎಂದರು. ಎಲ್ಲರೂ ಅವಳಿಗೆ ವಿನಾಯಿತಿ ಕೊಟ್ಟಿದ್ದರು. ಅವಳು ಮಾತ್ರ ನನ್ನ ಮುಖ ನೋಡಿದಳು.

"ನೀವು ಆ ಝಳದಾಗ ನಿಂತು ದುಡ್ಕೊಂತ ರೋಜಾ ಹಿಡೀತೀರಿ. ಮನ್ಯಾಗ ಫ್ಯಾನಿನ ಕೆಳಗ ಕುಂತಾಕಿ ನಾ ಬಿಡ್ಲೇನ್ರೀ?"

ನಾನೂ ಹಿಡಿಯುವುದಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ. "ಮನಸು ಗಟ್ಟಿ ಇದ್ರ ಹಸಿವು ಗೊತ್ತಾಗಂಗಿಲ್ಲ" ಎಂದೆ. ಅವಳು ಅದನ್ನು ನಂಬಿದಳು. ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದಳು.

ಅದು ಮಳೆ ತಡವಾಗಿದ್ದ ಒಂದು ಜೂನ್. ಬೆಳಗಿನ ಜಾವ ಅರ್ಧ ರೊಟ್ಟಿ ತಿಂದು ಗುಳಿಗೆ ನುಂಗಿದ್ದಳು. ಮಧ್ಯಾಹ್ನ ನಾನು ಶೆಟ್ಟರ ಒಳಕೋಣೆಯಲ್ಲಿ ಅನ್ನ ಸಾಂಬಾರು ಕಲಸುತ್ತಿದ್ದಾಗ ಮೊಬೈಲ್ ಬಡಿದುಕೊಂಡಿತು. ಅವಳದೇ ಫೋನು. ಹೊರಗೆ ತಟ್ಟೆಗಳ ಸದ್ದು, ಮಾಣಿಗಳ ಕೂಗು — ಎತ್ತಿದರೆ ಅವಳಿಗೆ ಕೇಳಿಸುತ್ತದೆ. ಮೊಬೈಲನ್ನು ಮಗುಚಿ ಇಟ್ಟೆ. ಮತ್ತೆ ಬಡಿದುಕೊಂಡಿತು. ಉಣ್ಣುತ್ತಲೇ ಇದ್ದೆ. ಮಜ್ಜಿಗೆಯನ್ನೂ ಕುಡಿದೆ.

ಮಗಳು ನಾಜಿಯಾ ಕಾಲೇಜಿನಿಂದ ಬಂದಾಗ ಶಮೀಮ್ ಅಡುಗೆಮನೆಯ ನೆಲದ ಮೇಲೆ ಬೆವರಿನಲ್ಲಿ ತೊಯ್ದು ಬಿದ್ದಿದ್ದಳು. ಮಗಳು ಬಾಯಿಗೆ ಸಕ್ಕರೆ ಹಾಕಲು ಹೋದರೆ ಹಲ್ಲು ಕಚ್ಚಿ ಮುಖ ತಿರುಗಿಸಿದಳಂತೆ. "ಬ್ಯಾಡ... ನಿಮ್ಮ ಅಬ್ಬಾ ಇನ್ನಾ ರೋಜಾ ಬಿಟ್ಟಿಲ್ಲ" ಅಂದಳಂತೆ. ಆಮೇಲೆ ಮಾತು ನಿಂತಿತು.

ಆಸ್ಪತ್ರೆಯ ಬಾಗಿಲಲ್ಲಿ ನಾಜಿಯಾ ಕೇಳಿದ್ದು ಒಂದೇ ಪ್ರಶ್ನೆ. "ಅಬ್ಬಾ, ಆಪ್‌ನೇ ಫೋನ್ ಕ್ಯೂಂ ನಹೀಂ ಉಠಾಯಾ?"

ಮಷೀನು ಓಡುತ್ತಿತ್ತು, ಫೋನು ಎತ್ತಲು ಆಗಲಿಲ್ಲ ಎಂದೆ. ಒಳಗೆ ಅವಳ ತಾಯಿ ಹಾಗೆ ಮಲಗಿರುವಾಗಲೂ — ನಾನು ಸುಳ್ಳೇ ಹೇಳಿದೆ.

ಜೀವ ಉಳಿಯಿತು. ಸಕ್ಕರೆ ಇಳಿದು ಬಹಳ ಹೊತ್ತಾಗಿತ್ತು, ಮೆದುಳಿಗೆ ಪೆಟ್ಟು ಬಿದ್ದಿದೆ ಎಂದರು. ಈಗ ಶಮೀಮ್ ನಿಧಾನ ನಡೆಯುತ್ತಾಳೆ, ಎಲ್ಲರನ್ನೂ ಗುರುತು ಹಿಡಿಯುತ್ತಾಳೆ. ಹಳೆಯದೆಲ್ಲ ನೆನಪಿದೆ. ಆದರೆ ಬೆಳಿಗ್ಗೆ ಹೇಳಿದ ಮಾತು ಸಂಜೆಗೆ ಉಳಿಯುವುದಿಲ್ಲ. ಪಕ್ಕದ ಮನೆಯವರು ಬಂದರೆ ಸಾಕು — "ನಮ್ಮ ಯಜಮಾನ್ರು ಒಂದರೆ ರೋಜಾ ಬಿಟ್ಟವರಲ್ರೀ" ಎನ್ನುತ್ತಾಳೆ. ನಾನು ಅಲ್ಲೇ ಕೂತು ಕೇಳಿಸಿಕೊಳ್ಳುತ್ತೇನೆ.

ಕಳೆದ ರಂಜಾನಿನಲ್ಲಿ ಕೊನೆಗೂ ಅವಳ ಎದುರು ಕೂತು ಎಲ್ಲವನ್ನೂ ಹೇಳಿದೆ — ಹೋಟೆಲು, ಊಟ, ಮಗುಚಿಟ್ಟ ಮೊಬೈಲು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಂದಳು:

"ಹಸಿವಾಗಿದ್ರ ಮನ್ಯಾಗ ಉಣ್ಣಬೇಕಿತ್ತಲ್ರೀ. ನಾ ನೀಡ್ತಿದ್ದೆ."

ಸಂಜೆಗೆ ಮರೆತಿದ್ದಳು. ಖರ್ಜೂರದ ತಟ್ಟೆ ತಂದು, ಪಾಪ ದಣಿದಿದ್ದೀರಿ, ಮೊದಲು ನೀವು ಬಾಯಿಗೆ ಹಾಕಿಕೊಳ್ಳಿ ಎಂದಳು. ಆಗ ನನಗೆ ಹೊಳೆಯಿತು — ಎಷ್ಟು ಜಾಣತನದಿಂದ ಆರಿಸಿಕೊಂಡಿದ್ದೆ. ಮರೆತುಬಿಡುವವಳ ಮುಂದೆ ತಪ್ಪೊಪ್ಪಿಕೊಂಡು ಹಗುರಾಗಲು ಹೊರಟಿದ್ದೆ. ನನ್ನಿಂದಾಗಿಯೇ ಮರೆಯುವಂತಾದವಳ ಮುಂದೆ.

ನಾಜಿಯಾ ಏನನ್ನೂ ಮರೆಯುವವಳಲ್ಲ. ಮದುವೆಯಾಗಿ ಈಗ ಕಲ್ಯಾಣದಲ್ಲಿದ್ದಾಳೆ. ಈ ಭಾನುವಾರ ಅಲ್ಲಿಗೆ ಹೋಗುತ್ತೇನೆ. ಅವಳು ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಕೊಡುತ್ತೇನೆ. ಇನ್ನು ಮುಂದೆ ನನ್ನ ಮನೆಗೆ ಬರಬೇಡಿ ಎಂದರೆ — ಬರುವುದಿಲ್ಲ.